ಮಕ್ಕಳ ಎದೆಗೆ ಪೆಟ್ಟು ಬಿದ್ದಾಗ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗಿಂತ ಮುಂಚೆ ಮಾತನಾಡಿದವರು ಸಂಘ ಬೆಳೆದು ಬಂದ ದಾರಿ, ಹಾಲಿನ ಗುಣಮಟ್ಟ, ಬೋನಸ್ಸು, ಕಟ್ಟಡ ಎಲ್ಲ ಹೇಳಿ ಮುಗಿಸಿದ್ದಾರೆ. ಅದನ್ನೇ ನಾನೂ ಹೇಳಿದರೆ ನೀವು ಊಟದ ಪೆಂಡಾಲ್ ಕಡೆ ನೋಡುತ್ತೀರಿ. ನಾನು ಬೇರೆ ವಿಷಯ ಹೇಳುತ್ತೇನೆಂದು ಕಾರ್ಯಕಾರಿ ಸಮಿತಿಯಲ್ಲಿ ಕೇಳಿಕೊಂಡಾಗ ಅಧ್ಯಕ್ಷರು "ಏನಪ್ಪಾ, ಬೆಳ್ಳಿಹಬ್ಬದ ದಿನ ಆಸ್ಪತ್ರೆ ಮಾತು ಯಾಕೆ?" ಅಂದರು. ಊರಿನ ಮಕ್ಕಳೆಲ್ಲಾ ಒಂದೇ ಕಡೆ ಸಿಗೋದು ನಮ್ಮ ಡೇರಿ ಮುಂದೇನೇ, ಅದಕ್ಕೆ ಅಂದೆ. ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಬರೋರಲ್ಲಿ ಅರ್ಧ ಜನ ಮಕ್ಕಳೇ. ಅದೇ ಹೊತ್ತಿಗೆ ಹಾಲಿನ ಲಾರಿ ಹಿಂದಕ್ಕೆ ಬರುತ್ತೆ, ಫೀಡ್ ಮೂಟೆ ತುಂಬಿದ ಟ್ರ್ಯಾಕ್ಟರ್ ನಿಂತಿರುತ್ತೆ, ಯಾರದ್ದೋ ಹಸು ಹಗ್ಗ ಕಿತ್ತುಕೊಂಡು ಬಂದಿರುತ್ತೆ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ.

ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಗದ್ದೆಗೆ ಇಳಿದವನು. ಹೇಳುವುದೆಲ್ಲ ಒಂಬತ್ತು ದಿನ ಆಸ್ಪತ್ರೆ ವಾರ್ಡಿನಲ್ಲಿ ಕೂತು ಡಾಕ್ಟರನ್ನೂ ಸಿಸ್ಟರುಗಳನ್ನೂ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ಆಮೇಲೆ ಪ್ರಥಮ ಚಿಕಿತ್ಸೆ ತರಬೇತಿಗೂ ಹೋಗಿ ಬಂದೆ. ಈ ಮಾತುಗಳನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಓದಿ ಹೇಳಿ, ಅವರು ತಿದ್ದಿದ ಮೇಲೇ ಇಲ್ಲಿ ನಿಂತಿದ್ದೇನೆ.

೨೦೧೯ರ ಸಂಕ್ರಾಂತಿ ಕಳೆದು ನಾಲ್ಕನೇ ದಿನ. ಕಬ್ಬು ಕಡಿಸುತ್ತಿದ್ದೆವು. ನನ್ನ ಅಣ್ಣನ ಮಗ, ಏಳು ವರ್ಷ, ಇಪ್ಪತ್ತು ಕೆ.ಜಿ. ತೂಕ ಇದ್ದಿರಬಹುದು. "ಚಿಕ್ಕಪ್ಪಾ, ನಾನೂ ಬತ್ತೀನಿ" ಅಂತ ಹಟ ಹಿಡಿದ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡೆ. ನಾವೆಲ್ಲ ಹಂಗೇ ಬೆಳೆದವರಲ್ವಾ? ಬದು ಹತ್ತುವಾಗ ಹಿಂದಿನ ಚಕ್ರ ಎಗರಿತು. ಹುಡುಗ ಜಾರಿ ಇಂಜಿನ್ನಿಗೂ ಟ್ರೈಲರಿಗೂ ಮಧ್ಯೆ ಬಿದ್ದ. ಕೊಂಡಿಯ ಕಬ್ಬಿಣ ಎದೆಯ ಬಲಭಾಗಕ್ಕೆ ಬಡಿದು, ಅಲ್ಲಿಂದ ಬದುವಿನ ಪಕ್ಕಕ್ಕೆ ಉರುಳಿದ. ನಾನು ಬ್ರೇಕು ಹಾಕಿದೆ. ಚಕ್ರ ಹತ್ತಲಿಲ್ಲ, ಅಷ್ಟು ಪುಣ್ಯ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಬೇರೆ ಯಾರೂ ಅಲ್ಲ, ನಾನೇ. ಇದನ್ನು ಇಷ್ಟು ಜನರ ಮುಂದೆ ಹೇಳುತ್ತಿರುವುದು ಇದೇ ಮೊದಲು.

ಎತ್ತಿಕೊಂಡಾಗ ಅಳುತ್ತಿದ್ದ. ಅಳುತ್ತಿದ್ದಾನೆ ಅಂದರೆ ಜೀವಕ್ಕೆ ಭಯವಿಲ್ಲ ಅಂದುಕೊಂಡೆವು. ಎದೆ ಮೇಲೆ ಒಂದು ಅಂಗೈಯಷ್ಟು ತರಚಿತ್ತು, ಅಷ್ಟೇ. ರಕ್ತ ಇಲ್ಲ. ಆದರೂ ಮನಸ್ಸು ತಡೆಯದೆ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಪೇಟೆಯ ಒಂದು ಆಸ್ಪತ್ರೆಗೆ ಹೋದೆವು. ಯಾವುದೆಂಬುದು ಬೇಡ. ಎಕ್ಸ್‌ರೇ ತೆಗೆದರು. "ಪಕ್ಕೆಲುಬು ಒಂದೂ ಮುರಿದಿಲ್ಲ, ಏನೂ ಆಗಿಲ್ಲ, ನೋವಿಗೆ ಸಿರಪ್ ಕೊಡಿ" ಎಂದು ಕಳಿಸಿದರು. ಅಂಗಿ ಬಿಚ್ಚಿಸಿ ಎದೆ ನೋಡಲಿಲ್ಲ, ಉಸಿರು ಎಣಿಸಲಿಲ್ಲ, ಎರಡು ಗಂಟೆ ಕೂರಿಸಿಕೊಂಡು ಮತ್ತೆ ನೋಡಲಿಲ್ಲ. ನಮಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಮುರಿದಿಲ್ಲ ಅಂದ ಮಾತೇ ಸಾಕಾಗಿ, ದಾರಿಯಲ್ಲಿ ಹುಡುಗನಿಗೆ ಬನ್ನು, ಬಾಳೆಹಣ್ಣು ಕೊಡಿಸಿ ಮನೆಗೆ ಕರೆದುಕೊಂಡು ಬಂದೆವು.

ಮೊದಲು ತಿಳಿಯಬೇಕಾದ ವಿಷಯ ಇಲ್ಲೇ ಇದೆ. ದೊಡ್ಡವರ ಪಕ್ಕೆಲುಬು ಒಣಗಿದ ಬಿದಿರು. ಪೆಟ್ಟು ಬಿದ್ದರೆ ಮುರಿಯುತ್ತೆ, ಮುರಿಯುವಾಗ ಪೆಟ್ಟಿನ ಬಲವನ್ನು ಸ್ವಲ್ಪ ತಾನು ತಿನ್ನುತ್ತೆ. ಮಕ್ಕಳ ಪಕ್ಕೆಲುಬು ಹಸಿ ಬಿದಿರು. ಬಾಗುತ್ತೆ, ಮತ್ತೆ ನೆಟ್ಟಗಾಗುತ್ತೆ. ಆ ಬಾಗಿದ ಒಂದು ಕ್ಷಣದಲ್ಲಿ ಪೆಟ್ಟು ಪೂರ್ತಾ ಒಳಗಿನ ಶ್ವಾಸಕೋಶಕ್ಕೆ ಇಳಿದುಬಿಟ್ಟಿರುತ್ತೆ. ಅದಕ್ಕೇ ಮಕ್ಕಳಲ್ಲಿ ಎಲುಬು ಮುರಿಯದೇ ಒಳಗೆ ಶ್ವಾಸಕೋಶ ಜಜ್ಜಿಹೋಗಿರಬಹುದು, ರಕ್ತ ಕಟ್ಟಿರಬಹುದು, ಗಾಳಿ ಸೋರುತ್ತಿರಬಹುದು. ಮೇಲೆ ಚರ್ಮದ ಮೇಲೆ ಏನೂ ಕಾಣದೇ ಇರಬಹುದು. ಹಂಗೇನಾದರೂ ಮಗುವಿನ ಪಕ್ಕೆಲುಬು ಮುರಿದೇ ಇದ್ದರೆ, ಬಿದ್ದ ಪೆಟ್ಟು ಬಹಳ ದೊಡ್ಡದು ಎಂದೇ ಅರ್ಥ. ಆಗ ಡಾಕ್ಟರು ಹೊಟ್ಟೆ, ತಲೆ ಎಲ್ಲವನ್ನೂ ಹುಡುಕಿ ನೋಡುತ್ತಾರೆ. ಜಜ್ಜಿದ ಶ್ವಾಸಕೋಶ ಮೊದಲ ಎಕ್ಸ್‌ರೇಯಲ್ಲಿ ಚೆನ್ನಾಗಿಯೇ ಕಾಣಬಹುದು. ಗಂಟೆಗಳು ಕಳೆದ ಹಾಗೆ ಅದು ನೀರು, ರಕ್ತ ತುಂಬಿಕೊಳ್ಳುತ್ತೆ. ಒಂದೆರಡು ದಿನ ಹೆಚ್ಚಾಗುತ್ತಾ ಹೋಗುವುದೂ ಉಂಟು.

ಒಂದು ವರ್ಷದೊಳಗಿನ ಕೂಸಿಗೆ ಪಕ್ಕೆಲುಬು ಮುರಿದಿದೆ ಅಂತಾದರೆ ಡಾಕ್ಟರು ಮನೆಯವರನ್ನು ಬಿಡಿಸಿ ಬಿಡಿಸಿ ಪ್ರಶ್ನೆ ಕೇಳುತ್ತಾರೆ. ಯಾರಾದರೂ ಹಿಂಡಿದರಾ, ಹೊಡೆದರಾ ಅಂತ. ಕೋಪ ಮಾಡಿಕೊಳ್ಳಬೇಡಿ, ಅದು ಅವರ ಧರ್ಮ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಹುಡುಗ ಸಾಯಂಕಾಲ ಊಟ ಬೇಡ ಅಂದ. ಮಂಕಾಗಿ ಮಲಗಿದ. ಒಂಬತ್ತು ಗಂಟೆಗೆ ನಮ್ಮ ಅಮ್ಮ ನನ್ನನ್ನು ಎಬ್ಬಿಸಿತು. "ಮಗಾ, ಈ ಕೂಸು ಉಸ್ರು ಬಿಡೋದು ಸರಿಗಿಲ್ಲ ಕಣಪ್ಪಾ, ನಮ್ಮ ಕೆಂದ ಕರ ಸಾಯೋವಾಗ ಹಿಂಗೇ ಮೂಗು ಅಳ್ಳಿಸ್ತಿತ್ತು" ಅಂದಿತು. ಅಮ್ಮನಿಗೆ ಓದು ಬರಹ ಇಲ್ಲ. ಆದರೆ ಎಕ್ಸ್‌ರೇ ಹೇಳದಿದ್ದನ್ನು ಅಮ್ಮ ಕಣ್ಣಲ್ಲಿ ನೋಡಿ ಹೇಳಿತು. ದೀಪ ಹಾಕಿ ಅಂಗಿ ಬಿಚ್ಚಿ ನೋಡಿದರೆ ಮೂಗಿನ ಹೊಳ್ಳೆ ಅರಳುತ್ತಾ ಇವೆ, ಪಕ್ಕೆ ಸಂದು ಒಳಕ್ಕೆ ಎಳೆಯುತ್ತಾ ಇವೆ, ಒಂದೊಂದು ಉಸಿರಿಗೂ "ಹ್ಞ ಹ್ಞ" ಅಂತ ನರಳುತ್ತಾನೆ. ಎದೆಯ ಎಡಭಾಗ ಏಳುತ್ತೆ ಇಳಿಯುತ್ತೆ, ಬಲಭಾಗ ಉಬ್ಬಿಕೊಂಡು ಹಂಗೇ ನಿಂತಿದೆ.

ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಿ. ಎದೆಗೆ ಪೆಟ್ಟು ಬಿದ್ದ ಮಗುವಿನ ಅಂಗಿ ಬಿಚ್ಚಿ, ಬೆಳಕಲ್ಲಿ, ಎರಡೂ ಕಡೆ ಒಂದೇ ಸಮ ಏಳುತ್ತಾ ಅಂತ ನೋಡಿ. ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಆಶಾ ಅಕ್ಕಂದಿರು ನ್ಯುಮೋನಿಯಾಕ್ಕೆ ಎಣಿಸುವ ಲೆಕ್ಕವೇ ಇಲ್ಲಿಗೂ ಬರುತ್ತೆ. ಎರಡು ತಿಂಗಳಿಂದ ಒಂದು ವರ್ಷದ ಕೂಸಿಗೆ ನಿಮಿಷಕ್ಕೆ ೫೦, ಒಂದರಿಂದ ಐದು ವರ್ಷದ ಮಗುವಿಗೆ ೪೦ ಮುಟ್ಟಿದರೆ ಅದು ಜೋರು ಉಸಿರು. ಅದಕ್ಕಿಂತ ದೊಡ್ಡ ಮಕ್ಕಳಿಗೆ ಸುಮ್ಮನೆ ಮಲಗಿದ್ದಾಗ ೩೦ ದಾಟಿದರೆ ತಡ ಮಾಡಬಾರದು. ನಮ್ಮ ಹುಡುಗನದ್ದು ಆ ರಾತ್ರಿ ೫೨ ಇತ್ತು. ಕತ್ತಿನ ಹತ್ತಿರ, ಎದೆ ಮೇಲೆ ಚರ್ಮ ಒತ್ತಿದಾಗ ಒಣ ಎಲೆ ಮೇಲೆ ಕೈ ಇಟ್ಟ ಹಾಗೆ ಚರಚರ ಅಂದರೆ ಚರ್ಮದ ಕೆಳಗೆ ಗಾಳಿ ಸೇರಿದೆ ಅಂತ. ತುಟಿ ನೀಲಿಯಾಗುವವರೆಗೂ ಕಾಯಬೇಡಿ, ಅದು ಕೊನೆಗೆ ಬರುವ ಲಕ್ಷಣ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಮಿಷನ್ನು ಈಗ ಎಷ್ಟೋ ಮನೆಯಲ್ಲಿದೆ. ಅದು ೯೪ಕ್ಕಿಂತ ಕೆಳಗೆ ತೋರಿಸಿದರೆ ಆಕ್ಸಿಜನ್ ಬೇಕು. ಆದರೆ ೯೭ ತೋರಿಸಿತು ಅಂತ ಸುಮ್ಮನಿರಬೇಡಿ. ಮಗುವಿನ ಉಸಿರು ನೋಡಿ, ಮಿಷನ್ ಆಮೇಲೆ.

ಆ ರಾತ್ರಿ ೧೦೮ಕ್ಕೆ ಫೋನ್ ಮಾಡಿದೆವು. ೨೦೦೮ರ ನವೆಂಬರ್ ಒಂದರಂದು ಆರೋಗ್ಯ ಕವಚ ಅಂತ ನಮ್ಮ ರಾಜ್ಯದಲ್ಲಿ ಶುರುವಾದದ್ದು ಅದು. ನಮ್ಮ ಪುಣ್ಯ, ವಾಹನ ಹತ್ತಿರದಲ್ಲೇ ಇತ್ತು. ಹತ್ತಿಸಿಕೊಂಡ ಕೂಡಲೇ ಮುಖಕ್ಕೆ ಆಕ್ಸಿಜನ್ ಹಾಕಿದರು. ಸರ್ಕಾರಿ ಆಸ್ಪತ್ರೆಯ ಡ್ಯೂಟಿಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಅವರು ಎಕ್ಸ್‌ರೇ ರೂಮಿಗೆ ಕಳಿಸಲೇ ಇಲ್ಲ. ನನಗೆ ಕೋಪ ಬಂತು. "ಮೇಡಂ, ಮೊದಲು ಒಂದು ಎಕ್ಸ್‌ರೇ ತೆಗೆಸಿ" ಅಂದೆ. "ಎಕ್ಸ್‌ರೇ ಬರೋವರೆಗೂ ಮಗು ಇರಲ್ಲ, ನೀವು ಅವನ ಕೈ ಹಿಡ್ಕೊಳ್ಳಿ" ಅಂದರು. ಸ್ಟೆತಾಸ್ಕೋಪು ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು. ಬಲಗಡೆ ಉಸಿರಿನ ಶಬ್ದವೇ ಇಲ್ಲ. ಬೆರಳಲ್ಲಿ ತಟ್ಟಿದರೆ ಖಾಲಿ ಡ್ರಮ್ಮಿನ ಹಾಗೆ ಶಬ್ದ. ಒಂದು ಸೂಜಿ ತಗೊಂಡು ಕಾಲರ್ ಮೂಳೆಯ ನಡುಭಾಗಕ್ಕೆ ನೇರ ಕೆಳಗೆ, ಎರಡನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ ಚುಚ್ಚಿದರು. ಸೈಕಲ್ ಟ್ಯೂಬಿನ ಪಿನ್ನು ಒತ್ತಿದ ಹಾಗೆ "ಸುಸ್ಸ್" ಅಂತ ಗಾಳಿ ಬಂತು. ಸುಳ್ಳು ಹೇಳುತ್ತಿಲ್ಲ, ಎರಡು ನಿಮಿಷದಲ್ಲಿ ಹುಡುಗ ಕಣ್ಣು ಬಿಟ್ಟು "ಅಜ್ಜಿ ಎಲ್ಲಿ" ಅಂದ.

ಏನಾಗಿತ್ತು ಅಂತ ಆಮೇಲೆ ಅವರೇ ಬಿಡಿಸಿ ಹೇಳಿದರು. ಶ್ವಾಸಕೋಶದಲ್ಲಿ ಒಂದು ಸಣ್ಣ ಸೀಳು. ಉಸಿರು ಎಳೆದಾಗಲೆಲ್ಲ ಸ್ವಲ್ಪ ಗಾಳಿ ಅದರಿಂದ ಹೊರಬಂದು ಶ್ವಾಸಕೋಶಕ್ಕೂ ಎದೆಗೂಡಿಗೂ ಮಧ್ಯೆ ಸೇರುತ್ತೆ. ಹೋದ ಗಾಳಿ ವಾಪಸು ಬರುವುದಿಲ್ಲ, ಪಂಪು ಹೊಡೆದ ಟ್ಯೂಬಿನ ವಾಲ್ವಿನ ಹಾಗೆ. ಗಾಳಿ ತುಂಬುತ್ತಾ ತುಂಬುತ್ತಾ ಆ ಕಡೆ ಶ್ವಾಸಕೋಶ ಮುದುಡಿಹೋಗುತ್ತೆ. ಅಷ್ಟಕ್ಕೇ ನಿಂತರೆ ಇನ್ನೊಂದು ಶ್ವಾಸಕೋಶದಲ್ಲಿ ಬದುಕಬಹುದು. ನಿಲ್ಲದಿದ್ದರೆ ಹೃದಯವನ್ನೂ ಇನ್ನೊಂದು ಪಕ್ಕಕ್ಕೆ ತಳ್ಳುತ್ತೆ. ಮಕ್ಕಳಲ್ಲಿ ನಡುವಿನ ಭಾಗ ದೊಡ್ಡವರಿಗಿಂತ ಸಡಿಲ, ಬೇಗ ಸರಿಯುತ್ತೆ. ಆಗ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳ, ನಮ್ಮ ಪಂಪ್‌ಸೆಟ್ಟಿನ ಪೈಪು ಮಡಚಿಕೊಂಡ ಹಾಗೆ ಮಡಚಿಕೊಳ್ಳುತ್ತೆ. ನೀರು ಬರಲಿಲ್ಲ ಅಂದರೆ ಮೋಟಾರು ಸುಮ್ಮನೆ ಓಡುತ್ತೆ ಅಷ್ಟೇ. ಇದು ಕಣ್ಣು, ಕೈ, ಸ್ಟೆತಾಸ್ಕೋಪಿನಲ್ಲಿ ಕಂಡುಹಿಡಿದು ಅಲ್ಲೇ ಚಿಕಿತ್ಸೆ ಮಾಡಬೇಕಾದ ಕಾಯಿಲೆ. ಎಕ್ಸ್‌ರೇಗೆ ಕಳಿಸಿ ಕಾಯಬಾರದು ಅಂತಲೇ ಅವರಿಗೆ ಕಲಿಸಿರುತ್ತಾರಂತೆ. ಅವತ್ತು ನಾನು ಆಯಮ್ಮನ ಮೇಲೆ ರೇಗಿದ್ದಕ್ಕೆ ಆಮೇಲೆ ಹೋಗಿ ಕೈ ಮುಗಿದು ಬಂದಿದ್ದೇನೆ.

ಸೂಜಿ ಹಾಕುವುದು ಮಾತ್ರ ಡಾಕ್ಟರ ಕೆಲಸ. ನಾನು ಇಷ್ಟು ವಿವರ ಹೇಳಿದೆ ಅಂತ ಯಾರೂ ಕೈ ಹಾಕೋ ಮಾತಾಡಬೇಡಿ.

ಸೂಜಿ ತಾತ್ಕಾಲಿಕ. ಆಮೇಲೆ ಕಂಕುಳ ಕೆಳಗೆ, ಹೆಚ್ಚುಕಡಿಮೆ ಮೊಲೆತೊಟ್ಟಿನ ಮಟ್ಟದಲ್ಲಿ ಒಂದು ಕೊಳವೆ ಹಾಕಿ ಅದರ ಇನ್ನೊಂದು ತುದಿಯನ್ನು ನೀರಿರುವ ಬಾಟಲಿಯೊಳಗೆ ಮುಳುಗಿಸಿದರು. ಗಾಳಿ ಗುಳ್ಳೆಯಾಗಿ ಆಚೆ ಹೋಗುತ್ತೆ, ನೀರು ಇರುವುದರಿಂದ ವಾಪಸು ಒಳಗೆ ಬರುವುದಿಲ್ಲ. ಎಷ್ಟು ಸರಳ ಉಪಾಯ ನೋಡಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ಆ ಬಾಟಲಿ ಹಿಡಿದುಕೊಳ್ಳುವ ಕೆಲಸ ನನ್ನದು. ಡಾಕ್ಟರು ಎರಡು ಮಾತು ಹೇಳಿದರು: ಬಾಟಲಿ ಯಾವಾಗಲೂ ಮಗುವಿನ ಎದೆಗಿಂತ ಕೆಳಗೇ ಇರಬೇಕು, ಎತ್ತಿದರೆ ನೀರು ಒಳಗೆ ಹೋಗುತ್ತೆ, ಗುಳ್ಳೆ ಬರುತ್ತಿರುವಾಗ ಕೊಳವೆಯನ್ನು ಮಡಚಬಾರದು, ಕ್ಲಿಪ್ಪು ಹಾಕಬಾರದು. ದಾರಿ ಪೂರ್ತಿ ನಾನು ಆ ಗುಳ್ಳೆ ನೋಡುತ್ತಾ ಕೂತಿದ್ದೆ. ಜೀವಮಾನದಲ್ಲಿ ಯಾವ ದೇವರ ದೀಪವನ್ನೂ ಅಷ್ಟು ಕಣ್ಣಿಟ್ಟು ನೋಡಿಲ್ಲ.

ಇನ್ನು ರಕ್ತದ ವಿಷಯ. ಹಾಲು ಅಳೆಯುವವರಿಗೆ ಇದು ಬೇಗ ಅರ್ಥವಾಗುತ್ತೆ. ಮಗುವಿನ ಮೈಯಲ್ಲಿ ಕೆ.ಜಿ.ಗೆ ಸುಮಾರು ೮೦ ಮಿಲಿ ಲೀಟರ್ ರಕ್ತ. ಇಪ್ಪತ್ತು ಕೆ.ಜಿ. ಹುಡುಗನಿಗೆ ಒಟ್ಟು ಒಂದೂವರೆ ಲೀಟರ್ ಚಿಲ್ಲರೆ. ಅರ್ಧ ಲೀಟರಿನ ಒಂದು ಹಾಲಿನ ಪ್ಯಾಕೆಟ್ಟಿನಷ್ಟು ಹೋದರೆ ಮೂರರಲ್ಲಿ ಒಂದು ಪಾಲು ಹೋದ ಹಾಗೆ. ಅಷ್ಟು ರಕ್ತ ಎದೆಗೂಡಿನೊಳಗೇ ಸೋರಿ ಅಡಗಿಕೊಳ್ಳಬಹುದು, ಹೊರಗೆ ಒಂದು ತೊಟ್ಟೂ ಕಾಣದೆ. ಮಕ್ಕಳ ದೇಹ ಇದನ್ನು ಬಹಳ ಹೊತ್ತು ತಡೆದುಕೊಳ್ಳುತ್ತೆ. ನಾಡಿ ಜೋರಾಗುತ್ತೆ, ಕೈಕಾಲು ತಣ್ಣಗಾಗುತ್ತೆ, ಬಿಳಿಚಿಕೊಳ್ಳುತ್ತೆ, ಆದರೆ ಬಿ.ಪಿ. ಸರಿಯಾಗೇ ತೋರಿಸುತ್ತೆ. ಬಿ.ಪಿ. ಇಳಿಯುವ ಹೊತ್ತಿಗೆ ಆಗಲೇ ಸಾಕಷ್ಟು ಕಳೆದುಹೋಗಿರುತ್ತೆ. ಅದಕ್ಕೆ "ಬಿ.ಪಿ. ನಾರ್ಮಲ್" ಅಂದ ಕೂಡಲೇ ಸಮಾಧಾನ ಪಡಬೇಡಿ. ಎದೆಯ ಮಧ್ಯದ ಚರ್ಮವನ್ನು ಐದು ಸೆಕೆಂಡ್ ಬೆರಳಲ್ಲಿ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಬಣ್ಣ ವಾಪಸು ಬರಬೇಕು. ಬರಲಿಲ್ಲ ಅಂದರೆ ರಕ್ತ ಓಡಾಟ ಸರಿಯಿಲ್ಲ. ಆಸ್ಪತ್ರೆಯಲ್ಲಿ ಇದಕ್ಕೆ ಡ್ರಿಪ್ಪು, ಬೇಕಾದರೆ ರಕ್ತ ಕೊಡುತ್ತಾರೆ, ಎದೆಯಿಂದ ರಕ್ತ ತೆಗೆಯಲು ಕೊಳವೆ ಹಾಕುತ್ತಾರೆ. ನಿಲ್ಲದೆ ಬರುತ್ತಿದ್ದರೆ ಆಪರೇಷನ್. ಸ್ಕ್ಯಾನಿಂಗ್ ಮಿಷನ್ನನ್ನು ಮಂಚದ ಹತ್ತಿರವೇ ತಂದು ಹೃದಯದ ಸುತ್ತ, ಹೊಟ್ಟೆಯಲ್ಲಿ ರಕ್ತ ಇದೆಯಾ ಅಂತ ನೋಡುತ್ತಾರೆ.

ಒಂದು ಚಿಕ್ಕ ವಿಷಯ, ನನಗೆ ಆಶ್ಚರ್ಯವಾದದ್ದು. ಅಳುವ ಮಗು ಗಾಳಿ ನುಂಗುತ್ತೆ, ಹೊಟ್ಟೆ ಬಲೂನಿನಂತೆ ಉಬ್ಬುತ್ತೆ, ಅದು ಕೆಳಗಿನಿಂದ ಶ್ವಾಸಕೋಶವನ್ನು ಒತ್ತುತ್ತೆ. ಅದಕ್ಕೇ ಹೊಟ್ಟೆಗೆ ಒಂದು ಸಣ್ಣ ನಳಿಕೆ ಹಾಕಿ ಗಾಳಿ ತೆಗೆಯುತ್ತಾರೆ. ನಾನು ದಾರಿಯಲ್ಲಿ ಬನ್ನು, ಬಾಳೆಹಣ್ಣು ಕೊಡಿಸಿದ್ದನ್ನು ಹೇಳಿದಾಗ ಸಿಸ್ಟರ್ ತಲೆ ಚಚ್ಚಿಕೊಂಡರು. ಹೊಟ್ಟೆ ತುಂಬಿದ್ದು ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಕಷ್ಟ. ಪೆಟ್ಟು ತಿಂದ ಮಗುವಿಗೆ ಡಾಕ್ಟರು ನೋಡುವವರೆಗೆ ನೀರು, ಕಾಫಿ, ಹಾಲು ಏನೂ ಬೇಡ. ಹಾಲಿನ ಸಂಘದ ನಿರ್ದೇಶಕನೇ ಹಾಲು ಬೇಡ ಅಂತಿದ್ದಾನೆ ಅಂತ ನಗಬೇಡಿ.

ಈಗ ನಮ್ಮ ಕೈಯಲ್ಲಿ ಏನಿದೆ ಅನ್ನೋದು. ಟ್ರ್ಯಾಕ್ಟರಿನಿಂದ, ಮರದಿಂದ, ಮಹಡಿಯಿಂದ ಬಿದ್ದ ಮಗುವನ್ನು ನಾನು ಮಾಡಿದ ಹಾಗೆ ರಪ್ಪನೆ ಎತ್ತಿ ಹೆಗಲಿಗೆ ಹಾಕಿಕೊಳ್ಳಬೇಡಿ. ಕತ್ತಿಗೂ ಪೆಟ್ಟಾಗಿರಬಹುದು. ಒಬ್ಬರು ತಲೆಯನ್ನು ನೆಟ್ಟಗೆ ಹಿಡಿದುಕೊಳ್ಳಲಿ. ಎಚ್ಚರವಿದ್ದು, ಕತ್ತು ನೋವಿಲ್ಲದೆ, ಕೂತರೆ ಉಸಿರಾಟ ಸುಲಭ ಅನ್ನುವ ಮಗುವನ್ನು ಬಲವಂತವಾಗಿ ಮಲಗಿಸಬೇಡಿ, ಒರಗಿಸಿ ಕೂರಿಸಿ, ತಾಯಿ ಜೊತೆಯಲ್ಲೇ ಇರಲಿ. ಅತ್ತಷ್ಟೂ ಆಕ್ಸಿಜನ್ ಖರ್ಚು. ಎಚ್ಚರ ತಪ್ಪಿ ಉಸಿರಾಡುತ್ತಿದ್ದರೆ ಮರದ ದಿಮ್ಮಿ ಉರುಳಿಸುವ ಹಾಗೆ ತಲೆ, ಬೆನ್ನು, ಸೊಂಟ ಒಟ್ಟಿಗೆ ಪಕ್ಕಕ್ಕೆ ತಿರುಗಿಸಿ. ಕಂಬಳಿ ಹೊದಿಸಿ, ಮೈ ತಣ್ಣಗಾಗಲು ಬಿಡಬೇಡಿ. ಎದೆಗೆ ಬಿಗಿಯಾಗಿ ಪಟ್ಟು ಕಟ್ಟಿಸುವುದು ನಮ್ಮಲ್ಲಿ ಹಳೇ ರೂಢಿ. ಕೈ, ಕಾಲಿನ ಮಾತು ಬೇರೆ. ಎದೆಗೆ ಪಟ್ಟು ಕಟ್ಟಿದರೆ ಇರುವ ಉಸಿರಿಗೂ ಕಲ್ಲು. ಎಣ್ಣೆ ಹಾಕಿ ನೀವುವುದೂ ಬೇಡ.

ಹಸು, ಎತ್ತು ಕೊಂಬಿನಲ್ಲಿ ತಿವಿಯುವುದು ನಮ್ಮ ಕಸುಬಿನಲ್ಲಿ ಇದ್ದದ್ದೇ. ಎದೆಗೆ ತೂತು ಬಿದ್ದು ಉಸಿರಿನ ಜೊತೆ ಬುಸ್ ಬುಸ್ ಅಂತ ಗಾಳಿ ಅಲ್ಲಿಂದಲೇ ಆಡುತ್ತಿದ್ದರೆ, ಅದಕ್ಕೆ ಅರಿಶಿನ, ಕಾಫಿ ಪುಡಿ ತುಂಬಬಾರದು, ಪ್ಲಾಸ್ಟಿಕ್ ಕಟ್ಟಿ ಗಾಳಿಯಾಡದ ಹಾಗೆ ಮುಚ್ಚಲೂಬಾರದು. ಪೂರ್ತಿ ಮುಚ್ಚಿದರೆ ಒಳಗೆ ಗಾಳಿ ಸಿಕ್ಕಿಕೊಂಡು ನಮ್ಮ ಹುಡುಗನ ಕಥೆಯೇ ಆಗುತ್ತೆ. ತೆರೆದೇ ಬಿಟ್ಟು ಓಡಿ. ರಕ್ತ ಸುರಿಯುತ್ತಿದ್ದರೆ ಮಾತ್ರ ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಬಟ್ಟೆ ನೆನೆದು ತೂತನ್ನು ಅಂಟಿಕೊಂಡು ಮುಚ್ಚದ ಹಾಗೆ ನೋಡಿಕೊಳ್ಳಿ. ಕಡ್ಡಿ, ಕಬ್ಬಿಣದ ಸರಳು ಚುಚ್ಚಿಕೊಂಡಿದ್ದರೆ ಕೀಳಬಾರದು, ಅಲುಗಾಡದಂತೆ ಬಟ್ಟೆ ಸುತ್ತಿ ಹಾಗೇ ಒಯ್ಯಬೇಕು. ಮೊಲೆತೊಟ್ಟಿನಿಂದ ಕೆಳಗಿನ ಗಾಯ ಹೊಟ್ಟೆಗೂ ಇಳಿದಿರಬಹುದು. ಧನುರ್ವಾಯು ಇಂಜೆಕ್ಷನ್ ಆಗಿದೆಯಾ ಅಂತ ತಾಯಿ ಕಾರ್ಡು ತೋರಿಸಿ ಕೇಳಬೇಕು.

ಟ್ರೈಲರ್ ಚಕ್ರ ಅಥವಾ ಗಾಡಿ ಎದೆ ಮೇಲೆ ಹತ್ತಿ ಅದುಮಿಬಿಟ್ಟರೆ ಮಗುವಿನ ಮುಖ, ಕತ್ತು ನೇರಳೆ ಬಣ್ಣಕ್ಕೆ ತಿರುಗಿ, ಕಣ್ಣೆಲ್ಲ ರಕ್ತಗೆಂಪಾಗುತ್ತೆ. ನೋಡಿದವರು ಜೀವ ಹೋಯಿತು ಎಂದು ಕೈ ಬಿಡುತ್ತಾರೆ. ಬಿಡಬೇಡಿ. ಭಾರ ತೆಗೆದು ಬೇಗ ಆಸ್ಪತ್ರೆ ಸೇರಿದ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಆ ಬಣ್ಣ ತಾನಾಗಿ ಇಳಿಯುತ್ತೆ.

ಯುವಕ ಸಂಘದವರು ಇಲ್ಲಿ ಕೂತಿದ್ದೀರಿ. ಕ್ರಿಕೆಟ್ ಬಾಲು ಎದೆಗೆ, ಸರಿಯಾಗಿ ಹೃದಯದ ಮೇಲೆ, ಬಡಿತದ ಒಂದು ಗೊತ್ತಾದ ಕ್ಷಣದಲ್ಲಿ ಬಿದ್ದರೆ ಹುಡುಗ ಅಲ್ಲೇ ಕುಸಿದು ಬೀಳಬಹುದು. ಅಪರೂಪ, ಆದರೆ ಉಂಟು. ಎಲುಬೂ ಮುರಿದಿರುವುದಿಲ್ಲ, ಶ್ವಾಸಕೋಶಕ್ಕೂ ಏನೂ ಆಗಿರುವುದಿಲ್ಲ, ಹೃದಯದ ತಾಳ ತಪ್ಪಿ ಅದು ಬರೀ ನಡುಗುತ್ತಿರುತ್ತೆ. ನೀರು ಚಿಮುಕಿಸಿ, ಈರುಳ್ಳಿ ಮೂಸಿಸಿ ಹೊತ್ತು ಕಳೆಯಬೇಡಿ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಆ ಕ್ಷಣವೇ ಎದೆಯ ನಡುಮಧ್ಯೆ ಒತ್ತಲು ಶುರು ಮಾಡಿ. ಎದೆಯ ಆಳದ ಮೂರರಲ್ಲಿ ಒಂದು ಪಾಲು ಕೆಳಗೆ ಹೋಗಬೇಕು, ನಿಮಿಷಕ್ಕೆ ೧೦೦ರಿಂದ ೧೨೦ ಸಲ, ಪ್ರತಿ ಸಲ ಪೂರ್ತಿ ಮೇಲೆ ಬರಲು ಬಿಡಬೇಕು. ೧೦೮ ಬರುವವರೆಗೆ ಕೈ ಬದಲಾಯಿಸಿಕೊಂಡು ಒತ್ತುತ್ತಲೇ ಇರಬೇಕು. ಕರೆಂಟ್ ಶಾಕ್ ಕೊಡುವ ಮಿಷನ್ ಎಷ್ಟು ಬೇಗ ಸಿಕ್ಕಿದರೆ ಅಷ್ಟು ಒಳ್ಳೆಯದು.

ಬೈಕಿನಲ್ಲಿ ಮೂವರ ನಡುವೆ ಸಿಕ್ಕಿಸಿಕೊಂಡು ಹೋಗುವುದು ಬೇಡ. ಫೋನಿನಲ್ಲಿ "ಮಗು, ಇಷ್ಟು ವರ್ಷ, ಎದೆಗೆ ಪೆಟ್ಟು, ಉಸಿರು ಜೋರು" ಅಂತ ನಾಲ್ಕು ಮಾತು ಸ್ಪಷ್ಟವಾಗಿ ಹೇಳಿ. ೧೦೮ ತಡವಾಗುತ್ತೆ ಅಂದರೆ ಯಾರದ್ದಾದರೂ ಕಾರು ಹಿಡಿಯಿರಿ. ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, ಆದರೆ ಅಲ್ಲಿ ಕೇಳಿ: ಎದೆಗೆ ಕೊಳವೆ ಹಾಕುವವರು ಇದ್ದಾರಾ, ಆಕ್ಸಿಜನ್ ಇದೆಯಾ, ಮುಂದೆ ಕಳಿಸುವುದಾದರೆ ಆ ಆಸ್ಪತ್ರೆಗೆ ಫೋನ್ ಮಾಡಿದಿರಾ? ಮನೆಗೆ ಹೋಗಿ ಅಂದರೆ "ಸ್ವಲ್ಪ ಹೊತ್ತು ಇಲ್ಲೇ ಇಟ್ಟುಕೊಂಡು ಇನ್ನೊಂದು ಸಲ ನೋಡಿ ಸಾರ್" ಅಂತ ಕೇಳಲು ನಾಚಿಕೆ ಬೇಡ. ನಾನು ಅವತ್ತು ಕೇಳಿದ್ದರೆ ರಾತ್ರಿ ಅಷ್ಟು ದೂರ ಓಡಬೇಕಾಗಿರಲಿಲ್ಲ. ಪೊಲೀಸು, ಕೇಸು ಎಂದು ಹೆದರುವವರಿಗೆ ಒಂದು ಮಾತು. ತುರ್ತಿನಲ್ಲಿ ಬಂದವರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಮೊದಲು ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟು ೧೯೮೯ರಲ್ಲೇ ಹೇಳಿದೆ. ರಸ್ತೆ ಅಪಘಾತದವರನ್ನು ಕರೆತಂದವರಿಗೆ ಕಿರುಕುಳ ಕೊಡಬಾರದೆಂಬ ನಿಯಮಗಳಿಗೆ ೨೦೧೬ರಲ್ಲಿ ಅದೇ ಕೋರ್ಟು ಮುದ್ರೆ ಒತ್ತಿದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಕೊಳವೆ ಐದನೇ ದಿನ ತೆಗೆದರು. ಜಜ್ಜಿದ ಶ್ವಾಸಕೋಶಕ್ಕೆ ಅಂತ ಬೇರೆ ಮಂತ್ರದಂಥ ಔಷಧಿ ಏನೂ ಇಲ್ಲ. ಆಕ್ಸಿಜನ್ನು, ಅಳತೆ ಮೀರದ ಡ್ರಿಪ್ಪು, ಚೆನ್ನಾಗಿ ನೋವು ಕಡಿಮೆ ಮಾಡುವುದು, ಉಸಿರಿನ ವ್ಯಾಯಾಮ. ನೋವಿದ್ದರೆ ಮಗು ಕೆಮ್ಮುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ, ಕಫ ಒಳಗೇ ಕೂತು ನ್ಯುಮೋನಿಯಾ ಆಗುತ್ತೆ. ಹಾಗಾಗಿ ನೋವಿನ ಔಷಧಿ ಕೊಟ್ಟರೆ "ಅಷ್ಟೊಂದು ಮಾತ್ರೆ ಯಾಕೆ" ಅನ್ನಬೇಡಿ. ಸಿಸ್ಟರು ಹುಡುಗನಿಗೆ ಪೀಪಿ ಕೊಟ್ಟು ಊದು ಅಂದರು. ಆ ವಾರ್ಡಿನಲ್ಲಿ ಅವನ ಪೀಪಿ ಗಲಾಟೆಗೆ ಬೇರೆ ಮಕ್ಕಳ ಅಜ್ಜಿಯರು ಬೈಯುತ್ತಿದ್ದರು.

ಮನೆಯಲ್ಲಿ ಅತ್ತಿಗೆ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಅಣ್ಣ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ. ಹುಡುಗ ಈಗ ಹೈಸ್ಕೂಲು, ಕಬಡ್ಡಿ ಆಡುತ್ತಾನೆ, ಕಂಕುಳ ಕೆಳಗೆ ಒಂದಿಂಚು ಕಲೆ ಇದೆ. ಇವತ್ತು ಸ್ವಾಗತ ಗೀತೆ ಹಾಡಿದ ಗುಂಪಿನಲ್ಲಿ ಅವನೂ ಇದ್ದ.

ಸಂಘದ ಮುಂದೆ ನಾನಿಡುವ ಕೋರಿಕೆ ಮೂರೇ ಮೂರು. ಡೇರಿ ಆವರಣಕ್ಕೆ ಬರುವ ಯಾವ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೂ, ಕೊಂಡಿ ಮೇಲೂ ಮಕ್ಕಳಿದ್ದರೆ ಫೀಡ್ ಇಳಿಸಿಕೊಳ್ಳುವುದಿಲ್ಲ ಅಂತ ಠರಾವು ಮಾಡೋಣ. ನನ್ನ ಟ್ರ್ಯಾಕ್ಟರಿಗೂ ಅದೇ ಕಾನೂನು. ಎರಡನೆಯದು, ಕೊಳವೆ ಹಾಕುವ ಸೌಕರ್ಯವಿರುವ ಆಸ್ಪತ್ರೆಗಳ ಫೋನ್ ನಂಬರು, ರಾತ್ರಿ ಬರಲು ಒಪ್ಪಿದ ಕಾರಿನವರ ನಂಬರು, ಫ್ಯಾಟ್ ದರದ ಬೋರ್ಡಿನ ಪಕ್ಕದಲ್ಲೇ ದೊಡ್ಡದಾಗಿ ಬರೆಸೋಣ. ಆ ಬೋರ್ಡು ನೋಡದವರು ಊರಲ್ಲಿ ಯಾರೂ ಇಲ್ಲ. ಮೂರನೆಯದು ಯಶಸ್ವಿನಿ. ೨೦೦೩ರಲ್ಲಿ ಸಹಕಾರಿಗಳಿಗೆಂದೇ ಶುರುವಾಗಿ, ೨೦೧೮ರಲ್ಲಿ ನಿಂತು, ೨೦೨೨-೨೩ರಲ್ಲಿ ಮತ್ತೆ ಜೀವ ಬಂದ ಯೋಜನೆ ಅದು. ಹೆಸರು ನೋಂದಾಯಿಸುವ ಸಮಯ ಬಂದಾಗ ಕಾರ್ಯದರ್ಶಿಗಳು ಮನೆಮನೆಗೆ ಹೇಳಲಿ. ಯಾವ ಚಿಕಿತ್ಸೆಗೆ ಸಿಗುತ್ತೆ, ಯಾವುದಕ್ಕೆ ಇಲ್ಲ ಅನ್ನುವುದನ್ನು ಮೊದಲೇ ಕೇಳಿ ತಿಳಿದು ಹೇಳಲಿ, ಆಸ್ಪತ್ರೆ ಬಾಗಿಲಲ್ಲಿ ಅಲ್ಲ.

ಎದೆ ಒತ್ತುವುದು, ಉಸಿರು ಎಣಿಸುವುದು, ಮಗುವನ್ನು ತಿರುಗಿಸುವುದು ಇವು ಕೇಳಿದರೆ ಬರುವುದಿಲ್ಲ, ಕೈಯಲ್ಲಿ ಮಾಡಿ ಕಲಿಯಬೇಕು. ಆರೋಗ್ಯ ಕೇಂದ್ರದ ಡಾಕ್ಟರು ಮುಂದಿನ ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಇಲ್ಲೇ ಬಂದು ಕಲಿಸಲು ಒಪ್ಪಿದ್ದಾರೆ. ಬೊಂಬೆಯನ್ನೂ ಅವರೇ ತರುತ್ತಾರೆ. ಹೆಸರು ಕೊಡುವವರು ಹಾಲಿನ ಪುಸ್ತಕ ತಂದು ಕಾರ್ಯದರ್ಶಿಗಳ ಹತ್ತಿರ ಬರೆಸಿ. ಮೊದಲನೇ ಹೆಸರು ನಮ್ಮ ಅತ್ತಿಗೆಯದು, ಆಗಲೇ ಬರೆಸಿದ್ದಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಊಟವೂ ತಯಾರಾಗಿದೆಯಂತೆ.